ಚರ್ಮದ ಬೇನೆಗಳೂ ನಾವಿಟ್ಟ ಹೆಸರುಗಳೂ

ಹೊಟ್ಟೆಯ ನೋವನ್ನು ಮನುಷ್ಯ ಬಚ್ಚಿಡಬಲ್ಲ. ಕೀಲುಗಳ ಬೇನೆಯನ್ನು ಮನೆಯವರಿಗೂ ತಿಳಿಯದಂತೆ ವರ್ಷಗಟ್ಟಲೆ ನುಂಗಿಕೊಂಡಿರಬಲ್ಲ. ಚರ್ಮದ ಬೇನೆಗೆ ಅಂತಹ ಮರೆಯಿಲ್ಲ. ಎಷ್ಟೋ ವೇಳೆ ಅದು ರೋಗಿಗಿಂತ ಮೊದಲೇ ಎದುರಿನವರ ಕಣ್ಣಿಗೆ ಬೀಳುತ್ತದೆ. ಕಂಡವರು ಅದಕ್ಕೊಂದು ಹೆಸರಿಡುತ್ತಾರೆ. ವೈದ್ಯರು ಬಾಯಿ ತೆರೆಯುವುದಕ್ಕೆ ಬಹಳ ಮುಂಚೆಯೇ ನೆರೆಮನೆಯ ನಾಲಗೆ ತೀರ್ಪು ಕೊಟ್ಟಾಗಿರುತ್ತದೆ.

ನಾನು ವೈದ್ಯನಲ್ಲ, ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದವನು. ಆದರೆ ಶಬ್ದಗಳ ಹಿಂದೆ ಅಲೆದವನಿಗೆ ಈ ಬೇನೆಗಳ ಹೆಸರುಗಳು ಎಂದಿನಿಂದಲೂ ಕುತೂಹಲದ ವಿಷಯ. ಕಜ್ಜಿ, ತುರಿ, ದದ್ದು, ಹುಳುಕಡ್ಡಿ, ಗಜಕರ್ಣ, ಇಸುಬು, ಚಿಬ್ಬು, ಸರ್ಪಸುತ್ತು, ತೊನ್ನು - ನಮ್ಮ ಜನ ಎಷ್ಟು ಸೂಕ್ಷ್ಮವಾಗಿ ನೋಡಿ ಹೆಸರಿಟ್ಟಿದ್ದಾರೆ! ಅದೇ ಹೆಸರುಗಳು ಎಷ್ಟು ಕಡೆ ದಾರಿ ತಪ್ಪಿಸಿವೆ ಎಂಬುದನ್ನು ಚರ್ಮವೈದ್ಯರಾದ ಮಿತ್ರರ ಬಳಿ ಕುಳಿತು ಕೇಳಿದಾಗ ನನಗೆ ತಿಳಿಯಿತು. ಆ ತಿಳಿವಳಿಕೆಯನ್ನು ನಿಮ್ಮೊಡನೆ ಹಂಚಿಕೊಳ್ಳುವುದೇ ಈ ಮಾತಿನ ಉದ್ದೇಶ.

ಮೊದಲು ‘ಕುಷ್ಠ’ ಎಂಬ ಶಬ್ದವನ್ನೇ ತೆಗೆದುಕೊಳ್ಳೋಣ. ಇಂದು ಈ ಮಾತು ಕಿವಿಗೆ ಬಿದ್ದರೆ ಸಾಕು, ಕೇಳಿದವರ ಎದೆ ನಡುಗುತ್ತದೆ. ಆದರೆ ಚರಕಸಂಹಿತೆಯಲ್ಲಿ ಕುಷ್ಠವೆಂಬುದು ಒಂದೇ ರೋಗವಲ್ಲ. ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ, ಹೀಗೆ ಒಟ್ಟು ಹದಿನೆಂಟು ಬಗೆಯ ಚರ್ಮವಿಕಾರಗಳಿಗೆ ಅದು ಸಾಮಾನ್ಯ ನಾಮ. ದದ್ರು, ಪಾಮಾ, ವಿಚರ್ಚಿಕಾ ಮೊದಲಾದ, ಇಂದು ನಾವು ಹುಳುಕಡ್ಡಿ, ಕಜ್ಜಿ, ಇಸುಬು ಎಂದು ಕರೆಯುವುದಕ್ಕೆ ಹತ್ತಿರವಾದ ಬೇನೆಗಳೂ ಅದರಲ್ಲಿ ಸೇರಿದ್ದವು. ಮೈ ಬೆಳ್ಳಗಾಗುವ ಶ್ವಿತ್ರವನ್ನು ಕುಷ್ಠಚಿಕಿತ್ಸೆಯ ಅಧ್ಯಾಯದಲ್ಲಿಯೇ ಹೇಳಿದ್ದರೂ ಹದಿನೆಂಟರ ಲೆಕ್ಕದಲ್ಲಿ ಸೇರಿಸಿಲ್ಲ. ಕಾಲಕ್ರಮದಲ್ಲಿ ಶಬ್ದದ ಅರ್ಥ ಸಂಕುಚಿತವಾಯಿತು; ಭಯ ಮಾತ್ರ ವಿಸ್ತಾರವಾಯಿತು. ಅದಕ್ಕೆ ಪಾಪದ ಲೇಪವೂ ಕೂಡಿತು. ಯಶೋಧರನ ಕಥಾಪರಂಪರೆಯಲ್ಲಿ ಅಮೃತಮತಿಗೆ ಕುಷ್ಠ ಬರುವುದು ಕರ್ಮಫಲವಾಗಿ. ಕಾವ್ಯದಲ್ಲಿ ಇದು ಒಂದು ಸಂಕೇತ; ಬೀದಿಯಲ್ಲಿ ಇದೇ ಶಿಕ್ಷೆ.

ಇನ್ನು ದಿನನಿತ್ಯ ಕಾಣುವ ಬೇನೆಗಳಿಗೆ ಬರೋಣ. ಹುಳುಕಡ್ಡಿಯಲ್ಲಿ ಹುಳು ಇಲ್ಲ. ಉಂಗುರದಂತೆ ಹರಡುವ ಕೆಂಪು ಅಂಚನ್ನು ನೋಡಿ ಒಳಗೆ ಯಾವುದೋ ಹುಳು ಹರಿದಾಡುತ್ತಿದೆಯೆಂದು ನಮ್ಮವರು ಭಾವಿಸಿದರು. ನಮ್ಮವರೇ ಅಲ್ಲ, ವೈದ್ಯಶಾಸ್ತ್ರ ಇಂದಿಗೂ ಬಳಸುವ ‘ಟೀನಿಯ’ ಎಂಬ ಲ್ಯಾಟಿನ್ ಹೆಸರಿಗೂ ಹುಳುವೆಂದೇ ಅರ್ಥ. ನಿಜವಾಗಿ ಅದು ಶಿಲೀಂಧ್ರ, ಎಂದರೆ ಬೂಷ್ಟಿನ ಜಾತಿಯದು. ಚರ್ಮದ ಮೇಲ್ಪದರದಲ್ಲಿ, ಕೂದಲಿನಲ್ಲಿ, ಉಗುರಿನಲ್ಲಿ ಇರುವ ಕೆರಾಟಿನ್ ಎಂಬ ಪದಾರ್ಥವನ್ನು ತಿಂದು ಬದುಕುತ್ತದೆ. ಬೆವರು ನಿಲ್ಲುವ ತೊಡೆಸಂದು, ಕಂಕುಳು, ಸೊಂಟ ಅದಕ್ಕೆ ಪ್ರಿಯವಾದ ಜಾಗಗಳು. ವೈದ್ಯರು ಅಂಚಿನ ಹೊಟ್ಟನ್ನು ಮೆಲ್ಲನೆ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಅದ್ದಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾರೆ. ಶಿಲೀಂಧ್ರದ ಎಳೆಗಳು ಕಂಡರೆ ಸಂದೇಹ ತೀರಿತು. ಚಿಕ್ಕ ಜಾಗವಾದರೆ ಹಚ್ಚುವ ಔಷಧ. ಹರಡಿದ್ದರೆ ಟರ್ಬಿನಫಿನ್, ಇಟ್ರಕೋನಜೋಲ್ ಮುಂತಾದ ಗುಳಿಗೆಗಳು. ಉಂಗುರ ಮಾಯವಾದ ಮೇಲೂ ವೈದ್ಯರು ಹೇಳಿದಷ್ಟು ವಾರ ಮುಂದುವರಿಸಬೇಕು.

ಇಷ್ಟು ಸರಳವಾದ ಬೇನೆ ನಮ್ಮ ದೇಶದಲ್ಲಿ ಈಚೆಗೆ ಹಟಮಾರಿಯಾಗಿದೆ. ಅದಕ್ಕೆ ಒಂದು ಮುಖ್ಯ ಕಾರಣ ಔಷಧದ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿದೆ. ತುರಿಕೆ ಎಂದು ಕೇಳಿದವರ ಕೈಗೆ ಅಂಗಡಿಯವರು ಒಂದು ಟ್ಯೂಬ್ ಕೊಡುತ್ತಾರೆ. ಅದರಲ್ಲಿ ಶಿಲೀಂಧ್ರದ ಔಷಧವೂ ಇರುತ್ತದೆ, ಬ್ಯಾಕ್ಟೀರಿಯದ ಔಷಧವೂ ಇರುತ್ತದೆ, ಜೊತೆಗೆ ಬಲವಾದ ಸ್ಟೆರಾಯ್ಡ್ ಇರುತ್ತದೆ. ಸ್ಟೆರಾಯ್ಡ್ ಎರಡೇ ದಿನದಲ್ಲಿ ತುರಿಕೆಯನ್ನು ನಿಲ್ಲಿಸುತ್ತದೆ, ಕೆಂಪನ್ನು ಅಳಿಸುತ್ತದೆ. ಆದರೆ ಚರ್ಮ ತನ್ನನ್ನು ಕಾಯ್ದುಕೊಳ್ಳುವ ಶಕ್ತಿಯನ್ನೂ ಅದೇ ಕುಗ್ಗಿಸುತ್ತದೆ. ಬೂಷ್ಟು ಸದ್ದಿಲ್ಲದೆ ಹರಡುತ್ತದೆ. ಕಡೆಗೆ ಉಂಗುರದ ಆಕಾರವೇ ಕೆಟ್ಟು, ಅನುಭವಿಗಳಾದ ವೈದ್ಯರಿಗೂ ಗುರುತು ಸಿಕ್ಕುವುದು ಕಷ್ಟವಾಗುತ್ತದೆ. ತೊಡೆಸಂದಿನ ಚರ್ಮ ತೆಳುವಾಗಿ ಗೆರೆಗೆರೆಯಾಗಿ ಬಿರಿಯುತ್ತದೆ. ಆ ಗೆರೆ ಮತ್ತೆ ಅಳಿಸಿಹೋಗುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೆರಾಯ್ಡ್‌ಗಳಲ್ಲಿ ಹಲವನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಿಯಮ ಪುಸ್ತಕದಲ್ಲಿದೆ, ಟ್ಯೂಬ್ ಇನ್ನೂ ಕೇಳಿದವರ ಕೈಗೆ ಸಿಕ್ಕುತ್ತಿದೆ. ಇದರ ನಡುವೆ, ಟರ್ಬಿನಫಿನ್ನಿಗೂ ಅನೇಕ ವೇಳೆ ಜಗ್ಗದ ಒಂದು ಶಿಲೀಂಧ್ರವನ್ನು 2020ರಲ್ಲಿ ವಿಜ್ಞಾನಿಗಳು ಗುರುತಿಸಿ ‘ಟ್ರೈಕೊಫೈಟಾನ್ ಇಂಡೋಟಿನಿಯೆ’ ಎಂದು ಹೆಸರಿಟ್ಟರು. ನಮ್ಮ ದೇಶದ ಹೆಸರು ಇಂತಹದೊಂದು ಪಟ್ಟಿಯಲ್ಲಿ ಸೇರಿದ್ದು ಸಂತೋಷದ ಸಂಗತಿಯಲ್ಲ.

ಹಾಗೆಂದು ಸ್ಟೆರಾಯ್ಡ್ ವಿಷವೆಂದು ತಿಳಿಯಬೇಡಿ. ಇಸುಬಿಗೆ ಅದೇ ತಕ್ಕ ಔಷಧ. ಇಸುಬಿನಲ್ಲಿ ಚರ್ಮದ ಹೊರಗೋಡೆಯ ಗಾರೆ ಸಡಿಲವಾಗಿರುತ್ತದೆ. ನೀರು ಹೊರಗೆ ಜಿನುಗುತ್ತದೆ, ಉರಿ ತರುವ ವಸ್ತುಗಳು ಒಳಗೆ ನುಗ್ಗುತ್ತವೆ. ಆದ್ದರಿಂದ ವೈದ್ಯರು ಮೊದಲು ಹೇಳುವುದು ಸ್ನಾನವಾದ ಕೂಡಲೇ, ಮೈಯಿನ್ನೂ ತೇವವಾಗಿರುವಾಗಲೇ, ತೇವ ಹಿಡಿದಿಡುವ ಮುಲಾಮು ಹಚ್ಚುವುದನ್ನು. ಉರಿಯೂತ ಜೋರಾದಾಗ ಕೆಲವು ದಿನ ಸ್ಟೆರಾಯ್ಡ್. ಅಳತೆಯೂ ಇದೆ: ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಮು, ಅದು ಎರಡು ಅಂಗೈಯಗಲದ ಜಾಗಕ್ಕೆ ಸಾಕು. ನಮ್ಮ ಊರುಗಳ ಖಾಲಿ ನಿವೇಶನಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡದ ಧೂಳು ಹಲವರ ಮುಖ, ಕತ್ತು, ರೆಪ್ಪೆಗಳಲ್ಲಿ ಇಂತಹುದೇ ಬೇನೆಯನ್ನು ಎಬ್ಬಿಸುತ್ತದೆ. ಕಾರಣ ತಿಳಿಯಲು ವೈದ್ಯರು ಬೆನ್ನಿನ ಮೇಲೆ ಸಂದೇಹದ ವಸ್ತುಗಳ ಪುಟ್ಟ ಪಟ್ಟಿಗಳನ್ನು ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ. ಗಮನಿಸಿ: ಹುಳುಕಡ್ಡಿಗೆ ಶತ್ರುವಾದ ಔಷಧ ಇಸುಬಿಗೆ ಮಿತ್ರ. ಎರಡೂ ಕೆಂಪು, ಎರಡೂ ತುರಿಕೆ. ಸರಿಯಾದ ಹೆಸರು ತಿಳಿಯದೆ ಔಷಧ ಹಚ್ಚಕೂಡದೆಂದು ವೈದ್ಯರು ಒತ್ತಿ ಹೇಳುವುದು ಇದಕ್ಕಾಗಿಯೇ.

ಕಜ್ಜಿಯಲ್ಲಿ ಮಾತ್ರ ನಿಜವಾಗಿಯೂ ಒಂದು ಜೀವಿಯಿದೆ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಇಟಲಿಯ ಬೊನೊಮೊ ಎಂಬ ವೈದ್ಯ ತನ್ನ ಜೊತೆಗಾರ ಚೆಸ್ಟೋನಿಯೊಡನೆ 1687ರಲ್ಲಿಯೇ ಇದನ್ನು ಕಂಡು ಬರೆದಿದ್ದಾನೆ. ಹೆಣ್ಣುನುಸಿ ಬೆರಳುಸಂದು, ಮಣಿಕಟ್ಟು, ಸೊಂಟಗಳಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ತುರಿಕೆ ರಾತ್ರಿ ಹೆಚ್ಚು. ಮೊದಲ ಸಲ ಅಂಟಿದವರಿಗೆ ತುರಿಕೆ ಕಾಣಿಸಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಮನೆಮಂದಿಗೆಲ್ಲ ದಾಟಿರುತ್ತದೆ. ಆದಕಾರಣ ಇಲ್ಲಿ ರೋಗಿ ಒಬ್ಬನಲ್ಲ, ಇಡೀ ಮನೆ. ಪರ್ಮೆಥ್ರಿನ್ ಮುಲಾಮನ್ನು ಕತ್ತಿನಿಂದ ಅಂಗಾಲಿನವರೆಗೆ, ತುರಿಕೆ ಇದ್ದವರೂ ಇಲ್ಲದವರೂ, ಒಂದೇ ರಾತ್ರಿ ಹಚ್ಚಿಕೊಂಡು ಬೆಳಗ್ಗೆ ತೊಳೆಯಬೇಕು. ವಾರ ಕಳೆದು ಮತ್ತೊಮ್ಮೆ. ಹಾಸಿಗೆ ಬಟ್ಟೆ ಬಿಸಿನೀರಿಗೆ ಬೀಳಬೇಕು. ನುಸಿ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಉಳಿಯಬಹುದು. ಔಷಧ ಫಲಿಸಲಿಲ್ಲವೆಂದು ಗಾಬರಿಪಡಬೇಕಾಗಿಲ್ಲ. ಕಜ್ಜಿ ಕೊಳಕರಿಗೆ ಬರುವ ರೋಗವೆಂಬ ಮಾತೂ ಸರಿಯಲ್ಲ. ಒತ್ತಾಗಿ ಬಾಳುವವರಿಗೆ, ಒಂದೇ ಹಾಸಿಗೆ ಹಂಚಿಕೊಳ್ಳುವವರಿಗೆ ಅದು ಅಂಟುತ್ತದೆ.

ಸರ್ಪಸುತ್ತು ಎಂಬ ಹೆಸರಿನಲ್ಲಿ ಎಂತಹ ಚಿತ್ರಶಕ್ತಿಯಿದೆ! ಎದೆಯ ಅಥವಾ ಸೊಂಟದ ಒಂದು ಪಕ್ಕದಲ್ಲಿ ಬೊಬ್ಬೆಗಳು ಸಾಲಾಗಿ ಸುತ್ತಿಕೊಂಡು ಬರುವುದನ್ನು ಕಂಡವರು ಬೇರೆ ಹೆಸರನ್ನು ನೆನೆಯಲಾರರು. ತಲೆಯೂ ಬಾಲವೂ ಕೂಡಿದರೆ ಸಾವೆಂಬ ನಂಬಿಕೆ, ನಾಗದೋಷದ ಭಯ, ಎಲ್ಲ ಆ ಹೆಸರಿನ ಬೆನ್ನಿಗೇ ಬಂದವು. ಇದರ ಕಾರಣ ಬಾಲ್ಯದಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವೈರಸ್. ಅದು ನರದ ಬುಡದಲ್ಲಿ ಹತ್ತಾರು ವರ್ಷ ಮಲಗಿದ್ದು, ವಯಸ್ಸಾಗಿಯೋ ಮೈಯ ಶಕ್ತಿ ಕುಂದಿಯೋ ಎಚ್ಚರಗೊಂಡು, ಆ ಒಂದು ನರದ ಹಾದಿಯಲ್ಲೇ ಹರಿಯುತ್ತದೆ. ಆದ್ದರಿಂದಲೇ ಅದು ಸಾಮಾನ್ಯವಾಗಿ ಮೈಯ ನಡುಗೆರೆಯನ್ನು ದಾಟುವುದಿಲ್ಲ. ಬೊಬ್ಬೆ ಎದ್ದ 72 ಗಂಟೆಯೊಳಗೆ ಅಸೈಕ್ಲೊವಿರ್‌ನಂತಹ ಗುಳಿಗೆ ಆರಂಭಿಸಿದರೆ ಹೆಚ್ಚಿನ ಫಲ. ಕೆಮ್ಮಣ್ಣು ಹಚ್ಚುತ್ತ, ಶಾಂತಿ ಮಾಡಿಸುತ್ತ ಆ ಮೂರು ದಿನ ಕಳೆದರೆ, ಮುದುಕರಿಗೆ ಬೊಬ್ಬೆ ಒಣಗಿದ ಮೇಲೂ ತಿಂಗಳುಗಟ್ಟಲೆ ನರದ ಉರಿ ಉಳಿಯಬಹುದು. ಕಣ್ಣಿನ ಬಳಿ ಬಂದರಂತೂ ಒಂದು ದಿನವೂ ತಡೆಯಬಾರದು. ಐವತ್ತು ದಾಟಿದವರಿಗೆ ಈಗ ಲಸಿಕೆಯೂ ಇದೆ.

ಇನ್ನು ತೊನ್ನು. ಇಲ್ಲಿ ಬೇನೆ ನೋಯಿಸುವುದಿಲ್ಲ, ಹೆಸರು ನೋಯಿಸುತ್ತದೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಹಳಗನ್ನಡವನ್ನು ಅವಳಷ್ಟು ಸೊಗಸಾಗಿ ಓದಿದವರನ್ನು ನಾನು ಹೆಚ್ಚು ಕಂಡಿಲ್ಲ. ಮೊಣಕೈಯ ಮೇಲೆ ರೂಪಾಯಿಯಗಲದ ಬಿಳಿಯ ಮಚ್ಚೆ ಕಾಣಿಸಿದ ಮೇಲೆ ಬೇಸಗೆಯಲ್ಲೂ ಉದ್ದತೋಳಿನ ರವಿಕೆ ತೊಟ್ಟು ಬರತೊಡಗಿದಳು. ನಿಶ್ಚಯವಾಗಿದ್ದ ಮದುವೆ ಮುರಿಯಿತು. ಗಂಡಿನ ಕಡೆಯವರು ಆಡಿದ ಮಾತು ‘ಬಿಳಿಕುಷ್ಠ’ ಎಂದು. ಆ ಶಬ್ದಕ್ಕೆ ಯಾವ ವೈದ್ಯಶಾಸ್ತ್ರದ ಆಧಾರವೂ ಇಲ್ಲ. ಮೈಬಣ್ಣ ಕೊಡುವ ಮೆಲನಿನ್ನನ್ನು ತಯಾರಿಸುವ ಜೀವಕೋಶಗಳನ್ನು ದೇಹದ ರಕ್ಷಣಾವ್ಯವಸ್ಥೆಯೇ ಪರಕೀಯವೆಂದು ಭ್ರಮಿಸಿ ನಾಶಮಾಡುವುದು ತೊನ್ನಿನ ಮೂಲ. ಅದು ಅಂಟುವುದಿಲ್ಲ, ಮುಟ್ಟಿದರೂ, ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ಮೀನು ತಿಂದು ಹಾಲು ಕುಡಿದರೆ ಬರುತ್ತದೆಂಬುದೂ ಬರಿಯ ಮಾತು. ಜಗತ್ತಿನ ಜನರಲ್ಲಿ ನೂರಕ್ಕೆ ಅರ್ಧದಿಂದ ಎರಡರಷ್ಟು ಮಂದಿಗೆ ಇದು ಉಂಟು.

ಬಿಳಿಯ ಮಚ್ಚೆಗಳೆಲ್ಲ ತೊನ್ನೂ ಅಲ್ಲ. ಎದೆಬೆನ್ನಿನ ಮೇಲೆ ಹೊಟ್ಟಿನಂತೆ ಬರುವ ಚಿಬ್ಬು ಒಂದು ಬಗೆಯ ಶಿಲೀಂಧ್ರದ್ದು. ಕೆಲವು ವಾರದಲ್ಲಿ ಬೇನೆ ವಾಸಿಯಾಗುತ್ತದೆ, ಬಣ್ಣ ಮರಳಲು ಮಾತ್ರ ಕೆಲವು ತಿಂಗಳು ಬೇಕು. ತೊನ್ನೇ ಆದರೂ ಉಪಾಯವಿದೆ. ಹಚ್ಚುವ ಸ್ಟೆರಾಯ್ಡ್, ಟ್ಯಾಕ್ರೊಲಿಮಸ್ ಮುಲಾಮು, ವಾರಕ್ಕೆ ಎರಡು ಮೂರು ಸಲ 311 ನ್ಯಾನೊಮೀಟರಿನ ಆಸುಪಾಸಿನ ನೇರಳಾತೀತ ಕಿರಣ, ಇವುಗಳಿಂದ ತಿಂಗಳುಗಳ ತಾಳ್ಮೆಯ ಮೇಲೆ ಬಣ್ಣ ಮರಳುವುದುಂಟು. ಅದು ಮೊದಲು ಮೂಡುವುದು ರೋಮದ ಬುಡದಲ್ಲಿ, ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆಗಳಾಗಿ. ಮುಖದಲ್ಲಿ ಬೇಗ, ರೋಮವಿಲ್ಲದ ಬೆರಳತುದಿ, ತುಟಿಗಳಲ್ಲಿ ಕಷ್ಟ. ವರ್ಷ ಕಾಲ ಮಚ್ಚೆ ಹಿಗ್ಗದೆ ನಿಂತಿದ್ದರೆ ಬಣ್ಣವಿರುವ ಚರ್ಮವನ್ನು ಕಸಿ ಮಾಡುವುದೂ ಸಾಧ್ಯ. 2022ರಲ್ಲಿ ಅಮೆರಿಕದಲ್ಲಿ ರುಕ್ಸೊಲಿಟಿನಿಬ್ ಎಂಬ ಹೊಸ ಮುಲಾಮಿಗೆ ಅನುಮತಿ ದೊರೆಯಿತು. ನಮ್ಮ ಹಿಂದಿನವರು ಬಳಸುತ್ತಿದ್ದ ಬಾವಂಚಿ ಬೀಜವೂ ಸುಳ್ಳಲ್ಲ. ಅದರಲ್ಲಿರುವ ಸೊರಲೆನ್ ಬಿಸಿಲಿನೊಡನೆ ಕೂಡಿ ಬಣ್ಣವನ್ನು ಎಬ್ಬಿಸಬಲ್ಲುದು. ಆದರೆ ಅಳತೆ ತಪ್ಪಿದರೆ ಚರ್ಮ ಸುಟ್ಟು ಬೊಬ್ಬೆಯೇಳುತ್ತದೆ. ಆದ್ದರಿಂದ ಅದನ್ನು ವೈದ್ಯರ ಕಣ್ಣಿನ ಕೆಳಗಲ್ಲದೆ ಬಳಸಬಾರದು.

ಕೊನೆಯದಾಗಿ ನಿಜವಾದ ಕುಷ್ಠ. ಅದರ ಮಚ್ಚೆ ತೊನ್ನಿನಂತೆ ಹಾಲುಬಿಳುಪಲ್ಲ. ಮಾಸಲು ಅಥವಾ ಕೆಂಪು. ಅಲ್ಲಿ ಮುಟ್ಟಿದರೆ, ಚುಚ್ಚಿದರೆ ತಿಳಿಯುವುದಿಲ್ಲ. ಸ್ಪರ್ಶ ಸತ್ತ ಮಚ್ಚೆಯೇ ಅದರ ಮುಖ್ಯ ಗುರುತು. ನಾರ್ವೆಯ ಹ್ಯಾನ್ಸನ್ 1873ರಲ್ಲಿ ಇದರ ರೋಗಾಣುವನ್ನು ಕಂಡುಹಿಡಿದ. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಬಹುಔಷಧ ಚಿಕಿತ್ಸೆಯನ್ನು ಸೂಚಿಸಿದ ಮೇಲೆ, ಆರು ಅಥವಾ ಹನ್ನೆರಡು ತಿಂಗಳಲ್ಲಿ ಇದು ಪೂರ್ಣವಾಗಿ ಗುಣವಾಗುವ ರೋಗ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಕ್ಕೆ ಕಾಸಿಲ್ಲ. ಚಿಕಿತ್ಸೆ ತೊಡಗಿದ ಕೆಲವೇ ದಿನಗಳಲ್ಲಿ ರೋಗಿಯಿಂದ ಇತರರಿಗೆ ಹರಡುವ ಭಯವೂ ತಪ್ಪುತ್ತದೆ. ಕೈಕಾಲು ಕುಂದುವುದು ತಡಮಾಡಿದವರಿಗೆ, ತಡಮಾಡಿಸುವುದು ನಾಚಿಕೆ. ನಮ್ಮ ಕಾನೂನು ಕೂಡ ಈ ರೋಗವನ್ನು ವಿವಾಹವಿಚ್ಛೇದನಕ್ಕೆ ಒಂದು ಕಾರಣವೆಂದು ಬಹುಕಾಲ ಒಪ್ಪಿತ್ತು. 2019ರಲ್ಲಿ ಸಂಸತ್ತು ಅದನ್ನು ತೆಗೆದುಹಾಕಿತು. ಕಾನೂನು ಬಿಟ್ಟುಕೊಟ್ಟ ಮಾತನ್ನು ನಮ್ಮ ಮನೆಗಳು ಇನ್ನೂ ಬಿಟ್ಟಿಲ್ಲ.

ಒಟ್ಟಿನಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟು. ಮೈಮೇಲೆ ಏನಾದರೂ ಮೂಡಿದರೆ ನೆರೆಯವರು ಇಟ್ಟ ಹೆಸರನ್ನು ಒಪ್ಪಬೇಡಿ, ಅಂಗಡಿಯ ಟ್ಯೂಬನ್ನೂ ಒಪ್ಪಬೇಡಿ. ಚರ್ಮವೈದ್ಯರಿಗೆ ತೋರಿಸಿ ಸರಿಯಾದ ಹೆಸರನ್ನು ತಿಳಿದುಕೊಳ್ಳಿ. ಮೊದಲೇ ಹಚ್ಚಿದ ಮುಲಾಮು ಯಾವುದಾದರೂ ಇದ್ದರೆ ಆ ಟ್ಯೂಬನ್ನು ಜೊತೆಗೆ ಕೊಂಡೊಯ್ಯಿರಿ. ವೈದ್ಯರಿಗೆ ಅದರಿಂದ ಬಹಳ ಅನುಕೂಲ. ಇನ್ನೊಬ್ಬರ ಮೈಮೇಲೆ ಮಚ್ಚೆ ಕಂಡಾಗ ಹೆಸರಿಡುವ ಆತುರವನ್ನು ತಡೆದುಕೊಳ್ಳಿ. ಆ ನನ್ನ ವಿದ್ಯಾರ್ಥಿನಿ ಮುಂದೆ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕಿಯಾದಳು. ಮಚ್ಚೆ ಮೊದಲಿಗಿಂತ ದೊಡ್ಡದಾಗಿದೆಯಂತೆ. ಈಗ ಅವಳು ಗಿಡ್ಡತೋಳಿನ ರವಿಕೆ ತೊಟ್ಟೇ ಪಾಠಕ್ಕೆ ಹೋಗುತ್ತಾಳೆ; ಮಕ್ಕಳು ಕೇಳಿದರೆ ಅದೇನೆಂದು ಬಿಡಿಸಿ ಹೇಳುತ್ತಾಳೆ.