ಮೂಸ್ ಕಲಿಸಿದ ಎರಡನೇ ತಿರುವು

ಸ್ವೀಡನ್ನಿನ ಕಾಡುರಸ್ತೆಗೆ ಮೂಸ್ ನುಗ್ಗಿದರೆ ಚಾಲಕನಿಗೆ ಯೋಚಿಸಲು ಪುರುಸೊತ್ತಿರುವುದಿಲ್ಲ. ಈ ಪ್ರಾಣಿ ನಮ್ಮ ಕಡವೆಯ ಕುಟುಂಬದ್ದೇ, ಆದರೆ ಗಾತ್ರದಲ್ಲಿ ಬಹಳ ದೊಡ್ಡದು. ಕಾಲುಗಳು ಎಷ್ಟು ಉದ್ದವೆಂದರೆ, ಕಾರಿನ ಬಂಪರ್ ತಗಲುವುದು ಕಾಲಿಗೆ. ನೂರಾರು ಕಿಲೋ ತೂಕದ ಒಡಲು ಮುಂದಿನ ಗಾಜು ಒಡೆದು ಕೂತವರ ಮೇಲೆ ಬೀಳುತ್ತದೆ.

ಅದಕ್ಕೇ ಅಲ್ಲಿನ ‘ಟೆಕ್ನಿಕೆನ್ಸ್ ವೆರ್ಲ್ಡ್’ ಪತ್ರಿಕೆ 1970ರ ದಶಕದಿಂದ ಕಾರುಗಳಿಗೆ ಮೂಸ್ ಪರೀಕ್ಷೆ ಒಡ್ಡುತ್ತ ಬಂತು. ಕೋನ್‌ಗಳ ನಡುವೆ, ಬ್ರೇಕ್ ಒತ್ತದೆ, ಸರಕ್ಕನೆ ಪಕ್ಕದ ಲೇನಿಗೆ ಹೊರಳಬೇಕು. ಎದುರಿನಿಂದ ವಾಹನ ಬರಬಹುದಾದ್ದರಿಂದ ಕೂಡಲೇ ಸ್ವಂತ ಲೇನಿಗೆ ಮರಳಬೇಕು. ಗಂಡಾಂತರ ಇರುವುದು ಈ ಮರಳುವಿಕೆಯಲ್ಲೇ. ಮೊದಲ ತಿರುವಿಗೆ ಒಂದು ಬದಿಗೆ ವಾಲಿದ ಭಾರ, ಎರಡನೆಯದಕ್ಕೆ ಇನ್ನಷ್ಟು ರಭಸದಿಂದ ಇನ್ನೊಂದು ಬದಿಗೆ ಎಗರುತ್ತದೆ. ಹಿಂದಿನ ಚಕ್ರ ಜಾರಬಹುದು, ಒಳಬದಿಯ ಚಕ್ರ ನೆಲ ಬಿಡಬಹುದು.

1997ರ ಅಕ್ಟೋಬರಿನಲ್ಲಿ ಪತ್ರಕರ್ತ ರಾಬರ್ಟ್ ಕೊಲಿನ್ ಓಡಿಸುತ್ತಿದ್ದ ಹೊಚ್ಚಹೊಸ ಮರ್ಸಿಡಿಸ್ ಎ-ಕ್ಲಾಸ್ ಈ ಪರೀಕ್ಷೆಯಲ್ಲೇ ಮಗುಚಿಬಿತ್ತು. ಕಂಪನಿ ಮೊದಲು ತಪ್ಪೊಪ್ಪಲಿಲ್ಲ. ಆಮೇಲೆ ಮಾರಾಟ ನಿಲ್ಲಿಸಿ, ಸಸ್ಪೆನ್ಷನ್ ಬದಲಿಸಿ, ಎಲ್ಲ ಎ-ಕ್ಲಾಸ್‌ಗೂ ಕಾರು ಹಿಡಿತ ತಪ್ಪದಂತೆ ಕಾಯುವ ಇಎಸ್‌ಪಿ ಅಳವಡಿಸಿತು. ಬಾಷ್ ಕಂಪನಿಯಲ್ಲಿ ಆಂಟನ್ ವಾನ್ ಜಾಂಟೆನ್ ತಂಡ ರೂಪಿಸಿದ ಆ ವ್ಯವಸ್ಥೆ 1995ರಲ್ಲಿ ದುಬಾರಿ ಎಸ್-ಕ್ಲಾಸ್‌ನಲ್ಲಿ ಬಂದಿತ್ತು. ಸಣ್ಣ ಕಾರು ಮಗುಚಿದ್ದರಿಂದ ಅದು ಸಾಮಾನ್ಯರತ್ತ ಇಳಿಯಿತು. ಒಬ್ಬ ಪತ್ರಕರ್ತ ತನ್ನ ಕೆಲಸವನ್ನು ಶ್ರದ್ಧೆಯಿಂದ ಮಾಡಿದ್ದರ ಫಲವಿದು, ಇದಕ್ಕೆ ನನ್ನ ಮನಃಪೂರ್ವಕ ಮೆಚ್ಚುಗೆಯಿದೆ.

ಚಾಲಕ ಸ್ಟೀರಿಂಗ್ ಎತ್ತ ತಿರುಗಿಸಿದ್ದಾನೆ, ಕಾರು ನಿಜಕ್ಕೂ ಎತ್ತ ತಿರುಗುತ್ತಿದೆ ಎಂಬುದನ್ನು ಇಎಸ್‌ಪಿಯ ಸೆನ್ಸರ್‌ಗಳು ತಾಳೆ ನೋಡುತ್ತವೆ. ಹಿಂಭಾಗ ಜಾರಿದರೆ ಹೊರಬದಿಯ ಮುಂದಿನ ಚಕ್ರಕ್ಕೆ, ಮುಂಭಾಗ ತಿರುಗದೆ ನೇರ ಸಾಗಿದರೆ ಒಳಬದಿಯ ಹಿಂದಿನ ಚಕ್ರಕ್ಕೆ ಮಾತ್ರ ಬ್ರೇಕ್ ಬೀಳುತ್ತದೆ. ಒಂದೊಂದೇ ಚಕ್ರವನ್ನು ಹಿಡಿಯುವುದು ಮನುಷ್ಯನ ಕಾಲಿಗೆ ಅಸಾಧ್ಯ. ಅದಕ್ಕೂ ಮೊದಲು, 1978ರಲ್ಲಿ ಬಂದ, ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಬಾಷ್ ಎಬಿಎಸ್, ಬ್ರೇಕ್ ಒತ್ತಿಕೊಂಡೇ ಸ್ಟೀರಿಂಗ್ ತಿರುಗಿಸುವ ಅವಕಾಶ ಕೊಟ್ಟಿತ್ತು. ಚಕ್ರ ಬಿಗಿದುಕೊಂಡರೆ ಕಾರು ಸ್ಟೀರಿಂಗಿನ ಮಾತು ಕೇಳುವುದಿಲ್ಲ.

ಯುರೋಪಿನಲ್ಲಿ 2014ರಿಂದ ಹೊಸ ಕಾರುಗಳಿಗೆಲ್ಲ ಇಎಸ್‌ಪಿ ಕಡ್ಡಾಯ. ನಮ್ಮಲ್ಲಿ 2023ರಲ್ಲಿ ಆರಂಭವಾದ ಕಾರು ಸುರಕ್ಷತಾ ಪರೀಕ್ಷೆ ಭಾರತ್ ಎನ್‌ಕ್ಯಾಪ್, ಮೂರು ಅಥವಾ ಹೆಚ್ಚು ಸ್ಟಾರ್ ಕೊಡಲು ಇದನ್ನು ಕೇಳುತ್ತದೆ. ದನ, ನಾಯಿ, ಬೈಕು ಹಠಾತ್ತನೆ ಅಡ್ಡ ಬರುವ ನಮ್ಮ ಹೆದ್ದಾರಿಗಳಿಗೆ ಇದು ಸನ್‌ರೂಫ್‌ಗಿಂತ ಎಷ್ಟೋ ಮುಖ್ಯ. ಷೋರೂಮಿನಲ್ಲಿ ಮೊದಲು ಇದನ್ನೇ ಕೇಳಿ. ಆದರೂ ಸವೆದ ಟೈರಿಗೆ, ಒದ್ದೆ ರಸ್ತೆಯ ಅತಿವೇಗಕ್ಕೆ ಇಲ್ಲದ ಹಿಡಿತವನ್ನು ಯಾವ ಇಎಸ್‌ಪಿಯೂ ತಂದುಕೊಡದು.