ಮೊದಲು ಪಾಯಿಂಟ್ ನೋಡಿ, ಆಮೇಲೆ ಕಾರ್ಬೊರೇಟರ್

ಹಳೇ ಫಿಯೆಟ್ಟಿನ ಬಾನೆಟ್ ಎತ್ತಿ ನಿಲ್ಲಿಸಿ, "ಕಾರ್ಬೊರೇಟರ್ ಹೋಗಿದೆ ಮೇಸ್ತ್ರಿ, ನೋಡಿ" ಎಂದರೆ ಅವರು ಅದರ ಹತ್ತಿರವೂ ಸುಳಿಯುವುದಿಲ್ಲ. ಮೊದಲು ಕೈ ಹೋಗುವುದು ಡಿಸ್ಟ್ರಿಬ್ಯೂಟರ್ ಮುಚ್ಚಳಕ್ಕೆ. ಕ್ಲಿಪ್ ಬಿಡಿಸಿ, ಪಾಯಿಂಟುಗಳ ನಡುವೆ ಫೀಲರ್ ಗೇಜ್ ತೂರಿಸಿ, 0.4 ಮಿಲಿಮೀಟರ್ ಆಸುಪಾಸಿನ ಸಂದು ಇದೆಯೇ ಎಂದು ನೋಡುತ್ತಾರೆ. ಆಮೇಲೆ ಕಂಡೆನ್ಸರ್. ಆಮೇಲೆ ನಾಲ್ಕೂ ಪ್ಲಗ್. "ಕಾರ್ಬೊರೇಟರ್ ಅಂತ ಬರೋ ಗಾಡಿಗಳಲ್ಲಿ ಅರ್ಧಕ್ಕರ್ಧ ಕರೆಂಟಿನ ತೊಂದರೆ. ಸರಿ ಇರೋದನ್ನ ಬಿಚ್ಚಬಾರದು" ಎನ್ನುತ್ತಾರೆ.

ಬೆಂಗಳೂರಿನ ಜೆ.ಸಿ. ರಸ್ತೆ ಮೋಟಾರು ಬಿಡಿಭಾಗಗಳ ಪೇಟೆಯೆಂದೇ ಹೆಸರುವಾಸಿ. ಅದರ ಹಿಂದಿನ ಓಣಿಯೊಂದರಲ್ಲಿ, ಎರಡು ಕಾರು ನಿಂತರೆ ತುಂಬಿಹೋಗುವ ಶೆಡ್ಡು ಇವರದು. ವಯಸ್ಸು ಎಪ್ಪತ್ತು ದಾಟಿದೆ. ಹೆಸರು ಹಾಕಬೇಡಿ ಎಂದರು; ಓಣಿಯಲ್ಲಿ ಎಲ್ಲರಿಗೂ ಅವರು ಬರೀ ಮೇಸ್ತ್ರಿ.

ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದರೆ ಎಂಜಿನ್ ಏನು ಉಣ್ಣುತ್ತಿದೆ ಎಂಬುದು ಅವರಿಗೆ ತಿಳಿಯುತ್ತದೆ. ಒಣ ಕಪ್ಪು ಮಸಿ ಕೂತಿದ್ದರೆ ಪೆಟ್ರೋಲ್ ಹೆಚ್ಚು. ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚು. ಮಾರಿ ಬಿಸ್ಕತ್ತಿನ ಅಂಚಿನ ಬಣ್ಣವಿದ್ದರೆ ಹದ ಸರಿಯಾಗಿದೆ. ಜಿಡ್ಡು ಹಿಡಿದಿದ್ದರೆ ಅದು ಪಿಸ್ಟನ್ ರಿಂಗಿನ ವಿಚಾರ, ಕಾರ್ಬೊರೇಟರಿಗೆ ಸಂಬಂಧವಿಲ್ಲ.

ನಾನು ಅಲ್ಲಿಗೆ ಹೋದದ್ದು ಒಂದು ಫ್ಲೋಟ್ ದುರಸ್ತಿ ನೋಡಲೆಂದು. ಕಾರ್ಬೊರೇಟರಿನ ಪುಟ್ಟ ತೊಟ್ಟಿಯಲ್ಲಿ ಪೆಟ್ರೋಲ್ ಇಷ್ಟೇ ಮಟ್ಟದಲ್ಲಿರಬೇಕು. ಮಟ್ಟ ಏರಿದಂತೆ ಫ್ಲೋಟ್ ಮೇಲೆದ್ದು ಸೂಜಿ ವಾಲ್ವನ್ನು ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ಹಳೆಯ ಫ್ಲೋಟುಗಳು ತೆಳು ಹಿತ್ತಾಳೆಯ ಟೊಳ್ಳು ಡಬ್ಬಿಗಳು. ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಒಳಗೆ ಪೆಟ್ರೋಲ್ ಇಳಿದು ಫ್ಲೋಟ್ ಮುಳುಗುತ್ತದೆ. ಸೂಜಿ ಮುಚ್ಚುವುದಿಲ್ಲ, ಪೆಟ್ರೋಲ್ ಉಕ್ಕಿ ಹರಿಯುತ್ತದೆ. ಬಿಸಿ ಎಂಜಿನ್ನಿನ ಮೇಲೆ ಹಾಗೆ ಸೋರುವುದು ಬೆಂಕಿಗೆ ದಾರಿ.

ಮೇಸ್ತ್ರಿ ಫ್ಲೋಟನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು. ಒಳಗೆ ಗುಳಕ್ ಎಂದಿತು. ಎದುರಿನ ಟೀ ಅಂಗಡಿಯಿಂದ ಸ್ಟೀಲ್ ಪಾತ್ರೆಯಲ್ಲಿ ಬಿಸಿನೀರು ಬಂತು. ಈ ಕೆಲಸದ ಹೊತ್ತಿನಲ್ಲಿ ಶೆಡ್ಡಿನೊಳಗೆ ಒಲೆ ಹಚ್ಚುವಂತಿಲ್ಲ. ಫ್ಲೋಟನ್ನು ನೀರಲ್ಲಿ ಅದುಮಿ ಹಿಡಿದರು. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ, ಬೆಸುಗೆಯ ಒಂದೇ ಒಂದು ಕಡೆಯಿಂದ ಗುಳ್ಳೆಗಳ ಸಣ್ಣ ಸರ ಎದ್ದಿತು. ಅಲ್ಲಿ ಮೊಳೆಯಿಂದ ಗೀರು ಹಾಕಿದರು. ಎದುರು ಮಗ್ಗುಲಲ್ಲಿ ಸೂಜಿಯಿಂದ ಇನ್ನೊಂದು ತೂತು ಮಾಡಿ, ಒಳಗಿನ ಪೆಟ್ರೋಲ್ ಒಂದು ಹನಿಯೂ ಉಳಿಯದಂತೆ ಆವಿಯಾಗುವವರೆಗೆ ಮತ್ತೆ ಮತ್ತೆ ಬಿಸಿನೀರಿಗೆ ಹಾಕಿದರು. ಆವಿ ಉಳಿದ ಫ್ಲೋಟಿಗೆ ಸೋಲ್ಡರಿಂಗ್ ಕಬ್ಬಿಣ ಮುಟ್ಟಿಸಿದರೆ ಅದು ಕೈಯಲ್ಲೇ ಸಿಡಿಯಬಹುದು. ಕೊನೆಗೆ ಎರಡೂ ತೂತಿಗೆ ತೆಳುವಾಗಿ ಬೆಸುಗೆ.

ನಾನು ಮುಗಿಯಿತೆಂದುಕೊಂಡೆ. ಅವರು ಡ್ರಾಯರಿನಿಂದ ಅಕ್ಕಸಾಲಿಗರ ಚಿಕ್ಕ ತಕ್ಕಡಿ ತೆಗೆದು, ಒಂದು ತಟ್ಟೆಯಲ್ಲಿ ಇದನ್ನೂ ಇನ್ನೊಂದರಲ್ಲಿ ಚೆನ್ನಾಗಿರುವ ಅದೇ ಅಳತೆಯ ಫ್ಲೋಟನ್ನೂ ಇಟ್ಟರು. ಬೆಸೆದದ್ದು ಕೊಂಚ ಕೆಳಗೆ ಇಳಿಯಿತು. ಫ್ಲೋಟ್ ಭಾರವಾದರೆ ಆಳಕ್ಕೆ ಕೂರುತ್ತದೆ, ಪೆಟ್ರೋಲ್ ಮಟ್ಟ ಏರುತ್ತದೆ, ಪ್ಲಗ್ ಮತ್ತೆ ಮಸಿ ಕಟ್ಟುತ್ತದೆ. ತಕ್ಕಡಿ ಸಮನಾಗುವವರೆಗೆ ಬೆಸುಗೆಯ ಸೀಸವನ್ನು ಸಣ್ಣ ಅರದಿಂದ ಸವರುತ್ತಲೇ ಇದ್ದರು. ಈ ತಾಳ್ಮೆಗೆ ಯಾವ ಬಿಲ್ಲಿನಲ್ಲೂ ಜಾಗವಿಲ್ಲ.

ಉಳಿದ ರೋಗಗಳನ್ನು ಅವರು ಸರಸರನೆ ಹೇಳಿದರು. ಕಾಲು ತೆಗೆದೊಡನೆ ಎಂಜಿನ್ ನಿಂತರೆ ಐಡ್ಲಿಂಗ್ ಜೆಟ್ಟಿನ ಸಣ್ಣ ರಂಧ್ರದಲ್ಲಿ ಕಸ. ಆಕ್ಸಿಲರೇಟರ್ ಒತ್ತಿದಾಗ ಗಕ್ಕೆಂದು ತಡವರಿಸಿದರೆ ಆಕ್ಸಿಲರೇಟರ್ ಪಂಪಿನ ಡಯಾಫ್ರಂ ಹರಿದಿದೆ. ವೇಗದಲ್ಲಿ ಮಾತ್ರ ಉಸಿರುಗಟ್ಟಿದರೆ ಮೇನ್ ಜೆಟ್, ಇಲ್ಲವೇ ಪೆಟ್ರೋಲ್ ಪಂಪು. ಜೆಟ್ಟಿಗೆ ತಂತಿ ಹಾಕುವವರನ್ನು ಕಂಡರೆ ಅವರಿಗೆ ಆಗುವುದಿಲ್ಲ. ಸೋಲೆಕ್ಸ್ ಕಾರ್ಬೊರೇಟರಿನ ಜೆಟ್ಟಿನ ಮೇಲೆ 120 ಎಂದಿದ್ದರೆ ರಂಧ್ರ 1.20 ಮಿಲಿಮೀಟರ್, ಮೆದು ಹಿತ್ತಾಳೆಯನ್ನು ತಂತಿ ಕೆರೆದರೆ ಆ ಅಳತೆ ಮತ್ತೆ ಬರುವುದಿಲ್ಲ. ಗಾಳಿ ಊದಬೇಕು, ಅಷ್ಟೇ. ಐಡ್ಲಿಂಗ್ ಎಷ್ಟು ಮಾಡಿದರೂ ನಿಲ್ಲದಿದ್ದರೆ ಎಲ್ಲಿಂದಲೋ ಕಳ್ಳಗಾಳಿ ನುಗ್ಗುತ್ತಿದೆ ಎಂದರ್ಥ. ನಟ್ಟನ್ನು ಬಲವಾಗಿ ಬಿಗಿದು ಬಿಗಿದು ಕಾರ್ಬೊರೇಟರಿನ ಬುಡ ಸೊಟ್ಟಗಾಗಿರುತ್ತದೆ. ದಪ್ಪ ಗಾಜಿನ ಮೇಲೆ ಎಮರಿ ಕಾಗದ ಹಾಸಿ ಅದನ್ನು ಉಜ್ಜಿ ಸಮ ಮಾಡುತ್ತಾರೆ.

ಚರಿತ್ರೆ ಅವರ ಬಾಯಲ್ಲಿ ಚುಟುಕು: "ಬಿಳಿಯರು ಮಾಡಿದ್ರು, ನಾವು ರಿಪೇರಿ ಮಾಡಿದ್ವಿ." ನಾನು ಸೇರಿಸುವುದಿಷ್ಟು. 1893ರ ಹೊತ್ತಿಗೆ ಜರ್ಮನಿಯಲ್ಲಿ ವಿಲ್ಹೆಲ್ಮ್ ಮೇಬ್ಯಾಕ್, ಹಂಗೇರಿಯಲ್ಲಿ ಬಾಂಕಿ ಮತ್ತು ಚೊಂಕಾ ಪೆಟ್ರೋಲನ್ನು ಸಿಂಪಡಿಸುವ ಕಾರ್ಬೊರೇಟರ್ ರೂಪಿಸಿದರು. ಇಂಗ್ಲೆಂಡಿನ ಎಸ್‌.ಯು. ಕಾರ್ಬೊರೇಟರ್ ಮಾಡಿದ ಸ್ಕಿನ್ನರ್ ಸೋದರರದು ಪಾದರಕ್ಷೆ ವ್ಯಾಪಾರದ ಮನೆತನ. ಅವರ ಮೊದಲ ಕಾರ್ಬೊರೇಟರುಗಳೊಳಗೆ ಇದ್ದದ್ದು ಚರ್ಮದ ತಿದಿ. ನಮ್ಮಲ್ಲಿ ಹಳೆಯ ಅಂಬಾಸಿಡರಿಗೆ ಎಸ್‌.ಯು., ಪದ್ಮಿನಿಗೆ ಸೋಲೆಕ್ಸ್. 2000ದ ಸುಮಾರಿಗೆ ಹೊಸ ಕಾರುಗಳಲ್ಲಿ ಕಾರ್ಬೊರೇಟರ್ ಬದಲು ಪೆಟ್ರೋಲನ್ನು ಇಂಜೆಕ್ಟರಿನಿಂದ ಚಿಮ್ಮಿಸುವ ಎಂಪಿಎಫ್‌ಐ ಬಂತು. 2020ರ ಏಪ್ರಿಲ್‌ನಲ್ಲಿ ಬಿಎಸ್‌-6 ಹೊಗೆ ನಿಯಮ ಜಾರಿಯಾದ ಮೇಲೆ ಹೊಸ ಬೈಕುಗಳಿಂದಲೂ ಕಾರ್ಬೊರೇಟರ್ ಹೆಚ್ಚುಕಡಿಮೆ ಮರೆಯಾಯಿತು.

ಈಗ ಹೊಸ ತಲೆನೋವು ಎಥೆನಾಲ್. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಎಥೆನಾಲ್ ನೀರನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ಕಾರ್ಬೊರೇಟರ್ ತೊಟ್ಟಿಯಲ್ಲಿ ನೀರು ತಳಕ್ಕಿಳಿದು ಲೋಹಕ್ಕೆ ಬಿಳಿ ಪುಡಿ ಹಿಡಿಯುತ್ತದೆ. ಹಳೆಯ ರಬ್ಬರ್ ಉಬ್ಬಿ ಬಿರಿಯುತ್ತದೆ. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹದವೂ ತೆಳ್ಳಗಾಗುತ್ತದೆ. ಕೆಲವು ಗಾಡಿಗಳಿಗೆ ಮೇಸ್ತ್ರಿ ಒಂದು ಅಳತೆ ದೊಡ್ಡ ಜೆಟ್ ಹಾಕುತ್ತಿದ್ದಾರೆ. ಕಾರು ನಿಲ್ಲಿಸಿಯೇ ಇಡುವುದಾದರೆ ತೊಟ್ಟಿ ಬರಿದು ಮಾಡಿ ಇಡಿ ಎಂಬುದು ಅವರ ಸಲಹೆ.

50 ವರ್ಷ ದಾಟಿದ ವಾಹನಗಳಿಗೆ 2021ರಿಂದ ಪ್ರತ್ಯೇಕ ವಿಂಟೇಜ್ ನೋಂದಣಿ ಇದೆ. ಧರ್ಮಸ್ಥಳದಲ್ಲಿ ಹಳೆಯ ಕಾರುಗಳನ್ನು ಕಣ್ಣಿಗೊತ್ತಿಕೊಳ್ಳುವಂತೆ ಜೋಪಾನ ಮಾಡಿದ್ದಾರೆ. ಕಾರು ಉಳಿಸುವ ಏರ್ಪಾಡು ಇಷ್ಟು ಇರುವಾಗ, ಅದನ್ನು ಓಡುವಂತೆ ಇಡುವ ಕೈಗಳಿಗೂ ಏನಾದರೂ ಬೇಕು. ಐಟಿಐಗಳಲ್ಲಿ ವಾರಕ್ಕೊಂದು ಮಧ್ಯಾಹ್ನ ಇಂಥ ಮೇಸ್ತ್ರಿಗಳನ್ನು ಕೂರಿಸಿದರೆ ಸಾಕು ಎನಿಸುತ್ತದೆ ನನಗೆ.

ಶನಿವಾರ ಶನಿವಾರ ಮೇಸ್ತ್ರಿಯ ಶೆಡ್ಡಿಗೆ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಬರುತ್ತಾನೆ. ತಾತನ ಪದ್ಮಿನಿ ಅವನ ಪಾಲಿಗೆ ಬಂದಿದೆ. ಕಾರ್ಬೊರೇಟರಿನ ಬುಡ ಉಜ್ಜುವುದನ್ನು ಕಲಿತಿದ್ದಾನೆ. ಎಂಜಿನ್ ಬಿಸಿಯಾದ ಮೇಲೆ ಮಿಕ್ಸ್ಚರ್ ಸ್ಕ್ರೂ ತಿರುಗಿಸುತ್ತಾ ಸದ್ದು ನುಣ್ಣಗಾಗುವ ಜಾಗ ಹಿಡಿಯುವುದು ಇನ್ನೂ ಬಂದಿಲ್ಲ. ಅದು ಬರಬೇಕಾದರೆ ಹತ್ತಾರು ಎಂಜಿನ್ ಕೇಳಬೇಕು. ಮೇಸ್ತ್ರಿ ಹುಡುಗರಾಗಿದ್ದಾಗ ಶಟರ್ ಎತ್ತುವ ಮೊದಲೇ ಟ್ಯಾಕ್ಸಿಗಳು ಸಾಲುಗಟ್ಟಿರುತ್ತಿದ್ದವಂತೆ. ಈಗ ವಾರಕ್ಕೊಂದು ಗಾಡಿ ಬಂದರೆ ಹೆಚ್ಚು. ಸೋಮವಾರ ಬಂದದ್ದನ್ನೂ ಅವರು ಶನಿವಾರದವರೆಗೆ ಹಾಗೇ ನಿಲ್ಲಿಸಿಕೊಳ್ಳುತ್ತಾರೆ, ಮಾಲೀಕರು ಒಪ್ಪಿದರೆ.