ಜ್ಯೂರಿ ಹೋಯಿತು, ಪಂಚ ಉಳಿದ

ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಕೊಲೆ ಮೊಕದ್ದಮೆಯಲ್ಲಿ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವವರು ಸೆಷನ್ಸ್ ನ್ಯಾಯಾಧೀಶರೊಬ್ಬರೇ. ಅಮೆರಿಕ, ಇಂಗ್ಲೆಂಡುಗಳಲ್ಲಿ ಹಾಗಲ್ಲ. ಅಲ್ಲಿ ಮತದಾರರ ಪಟ್ಟಿಯಂಥ ದಾಖಲೆಗಳಿಂದ ಹೆಸರು ಎತ್ತಿ ಸಾಮಾನ್ಯ ಜನರನ್ನು ಕರೆಸುತ್ತಾರೆ. ಸಾಮಾನ್ಯವಾಗಿ ಹನ್ನೆರಡು ಮಂದಿ ಕುಳಿತು ಸಾಕ್ಷ್ಯ ಕೇಳುತ್ತಾರೆ, ನ್ಯಾಯಾಧೀಶರಿಂದ ಕಾನೂನು ತಿಳಿದುಕೊಳ್ಳುತ್ತಾರೆ, ಮುಚ್ಚಿದ ಕೋಣೆಯಲ್ಲಿ ಚರ್ಚಿಸಿ ತೀರ್ಪು ಹೇಳುತ್ತಾರೆ. ನಮ್ಮಲ್ಲೂ 1898ರ ದಂಡ ಪ್ರಕ್ರಿಯಾ ಸಂಹಿತೆ ಜ್ಯೂರಿಗೆ ಅವಕಾಶ ಕೊಟ್ಟಿತ್ತು. ಆದರೆ ಯಾವ ಜಿಲ್ಲೆಗೆ ಬೇಕೆಂದು ಸರ್ಕಾರ ಗೊತ್ತುಮಾಡುತ್ತಿತ್ತು. ಬೀದರ್ ಸೀಮೆ 1948ರವರೆಗೆ ನಿಜಾಮರ ಕೈಯಲ್ಲಿತ್ತು. ಅಲ್ಲಿಯವರೆಗೆ ಬ್ರಿಟಿಷ್ ಇಂಡಿಯಾದ ಆ ಸಂಹಿತೆ ಇಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಮುಂಬೈಯ ನಾನಾವತಿ ಪ್ರಕರಣವೇ ಜ್ಯೂರಿಯನ್ನು ಕೊಂದಿತು ಎಂಬ ಮಾತಿದೆ. 1959ರಲ್ಲಿ ಅಲ್ಲಿನ ಜ್ಯೂರಿಯ ಒಂಬತ್ತು ಸದಸ್ಯರಲ್ಲಿ ಎಂಟು ಮಂದಿ ಆರೋಪಿ ನಿರ್ದೋಷಿ ಎಂದಿದ್ದರು. ನ್ಯಾಯಾಧೀಶರು ಒಪ್ಪದೆ ಪ್ರಕರಣವನ್ನು ಹೈಕೋರ್ಟಿಗೆ ಕಳುಹಿಸಿದರು, ಅಲ್ಲಿ ಜೀವಾವಧಿ ಶಿಕ್ಷೆಯಾಯಿತು. ಕಥೆ ಸೊಗಸಾಗಿದೆ, ಕಾಲಕ್ರಮ ಮಾತ್ರ ಹೊಂದುವುದಿಲ್ಲ: ಜ್ಯೂರಿ ಬೇಡವೆಂದು ಕಾನೂನು ಆಯೋಗದ 14ನೇ ವರದಿ 1958ರಲ್ಲೇ ಹೇಳಿಯಾಗಿತ್ತು. 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ.

ಹಾಗೆಂದು ಕ್ರಿಮಿನಲ್ ನ್ಯಾಯದಲ್ಲಿ ಊರವರ ಪಾತ್ರ ಮುಗಿದುಹೋಯಿತೆ? ಇಲ್ಲ, ಹೋದದ್ದು ಅವರ ಅಧಿಕಾರ, ಹೊರೆ ಹಾಗೆಯೇ ಉಳಿದಿದೆ. ಅದನ್ನು ಹೊತ್ತವನು ಪಂಚ, ಅಂದರೆ ಪೊಲೀಸರ ಶೋಧಕ್ಕೆ ಸಾಕ್ಷಿಯಾಗುವ ಊರವನು. ಪುಣೆ–ಹೈದರಾಬಾದ್ ಹೆದ್ದಾರಿಯ ಪಕ್ಕದ ಗೋದಾಮೊಂದನ್ನು ಪೊಲೀಸರು ಶೋಧಿಸಬೇಕಾಯಿತು ಎನ್ನಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 103ನೇ ಕಲಮಿನ ಪ್ರಕಾರ ಆ ಪ್ರದೇಶದ ಇಬ್ಬರು ಅಥವಾ ಹೆಚ್ಚು ಮಂದಿ ಸ್ವತಂತ್ರ, ಗೌರವಸ್ಥ ನಿವಾಸಿಗಳನ್ನು ಕರೆಯಬೇಕು. ಅವರ ಕಣ್ಣೆದುರೇ ಶೋಧ ನಡೆದು, ಸಿಕ್ಕಿದ ಮಾಲಿನ ಪಟ್ಟಿಗೆ ಅವರ ಸಹಿ ಬೀಳಬೇಕು. ಲಿಖಿತ ಆದೇಶ ಕೊಟ್ಟ ಮೇಲೆ ಸಕಾರಣವಿಲ್ಲದೆ ಬರಲೊಲ್ಲೆ ಎಂದರೆ ಅದೂ ಅಪರಾಧ. ಶೋಧಕ್ಕೆ ಹೋದ ಮಾತ್ರಕ್ಕೆ ಕೋರ್ಟಿಗೆ ಹೋಗಬೇಕಿಲ್ಲ, ನ್ಯಾಯಾಲಯವೇ ಸಮನ್ಸ್ ಕಳಿಸಿದರೆ ಹೋಗಬೇಕು. ಆ ಸಮನ್ಸ್ ಬರುವುದು ಎಷ್ಟೋ ವರ್ಷಗಳ ಮೇಲೆ. ಕೂಲಿ ಬಿಟ್ಟು ಹೋದರೆ ವಾಯಿದೆ, ಮತ್ತೆ ಹೋದರೆ ಮತ್ತೊಂದು ವಾಯಿದೆ. ಕೊನೆಗೆ ಕಟಕಟೆ ಹತ್ತಿದಾಗ ಪಾಟೀ ಸವಾಲು, ಎದುರಿಗೆ ತನ್ನದೇ ಓಣಿಯ ಆರೋಪಿ. ‘ಪೊಲೀಸರು ಹೇಳಿದ ಕಡೆ ಸಹಿ ಹಾಕಿದೆ, ನನಗೇನೂ ಗೊತ್ತಿಲ್ಲ’ ಎಂದು ಪಂಚ ಉಲ್ಟಾ ಹೊಡೆದರೆ ದುಡ್ಡು ತಿಂದ ಎಂದು ಬಿಡುತ್ತೇವೆ. ಕೆಲವರು ತಿಂದೂ ಇರಬಹುದು. ಆದರೆ ಸಾಕ್ಷಿಗಳನ್ನು ಹೀಗೆ ಅಲೆಸುವುದನ್ನು ಸುಪ್ರೀಂ ಕೋರ್ಟ್ 2000ದಲ್ಲೇ ಸ್ವರಣ್ ಸಿಂಗ್ ಪ್ರಕರಣದಲ್ಲಿ ಕಟುವಾಗಿ ಟೀಕಿಸಿತ್ತು.

ಹಾಗಾದರೆ ಜ್ಯೂರಿಯನ್ನೇ ಮರಳಿ ತರೋಣ ಎನ್ನುವವರಿದ್ದಾರೆ. ಬಸವಕಲ್ಯಾಣದ ಹೆಸರು ಬಂದರೆ ಅನುಭವ ಮಂಟಪವನ್ನೂ ಜೊತೆಗೆ ಎಳೆಯುತ್ತಾರೆ. ಶರಣರು ಅಲ್ಲಿ ನಡೆಸಿದ್ದು ಅನುಭಾವದ ಗೋಷ್ಠಿ, ಕೊಲೆ ಮೊಕದ್ದಮೆಯಲ್ಲ. ಅದನ್ನು ಇದಕ್ಕೆ ಬಳಸಬೇಕಿಲ್ಲ. ಕನ್ನಡ, ಮರಾಠಿ, ಉರ್ದು ಬೆರೆತಿರುವ ಈ ತಾಲ್ಲೂಕುಗಳಲ್ಲಿ ಜಾತಿ, ಬಳಗ, ಪಕ್ಷಗಳ ಎಳೆ ಹಾಯದ ಹನ್ನೆರಡು ಮಂದಿಯನ್ನು ಕೂರಿಸುವುದು ಸುಲಭವಲ್ಲ. ಇದಕ್ಕಿಂತ ಮುಖ್ಯವಾದ ಇನ್ನೊಂದು ಕೊರತೆಯಿದೆ: ಜ್ಯೂರಿ ತನ್ನ ತೀರ್ಪಿಗೆ ಕಾರಣ ಬರೆಯುವುದಿಲ್ಲ. ನ್ಯಾಯಾಧೀಶರು ಬರೆಯಲೇಬೇಕು, ಆ ಕಾರಣಗಳನ್ನು ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ಪ್ರಶ್ನಿಸಬಹುದು. ಇದನ್ನು ಬಿಟ್ಟುಕೊಡುವುದು ನನಗಂತೂ ಒಪ್ಪಿಗೆಯಿಲ್ಲ.

ಇನ್ನೊಂದು ವಾದ ಇದಕ್ಕಿಂತ ಗಟ್ಟಿಯಾದುದು. 2024ರ ಜುಲೈ 1ರಿಂದ ಶೋಧ, ಜಪ್ತಿಗಳನ್ನು ವಿಡಿಯೊ ಮಾಡುವುದು ಕಡ್ಡಾಯ, ಪಂಚ ಉಲ್ಟಾ ಹೊಡೆದರೂ ತನಿಖಾಧಿಕಾರಿಯ ಸಾಕ್ಷ್ಯ ನಂಬುವಂತಿದ್ದರೆ ಶಿಕ್ಷೆಯಾಗಬಹುದು, ಮತ್ತೆ ಪಂಚನೇಕೆ? ಮೊಬೈಲನ್ನು ಹಿಡಿದವರೂ ಪೊಲೀಸರೇ ಎಂಬುದು ನನ್ನ ಉತ್ತರ. ಚಿತ್ರ ಶುರುವಾಗುವ ಮುಂಚೆ ಪೊಟ್ಟಣ ಅಲ್ಲಿತ್ತೋ ಇಲ್ಲವೋ ಎಂದು ಹೇಳಬಲ್ಲವನು ಜೊತೆಗೆ ಬಾಗಿಲು ದಾಟಿದ ಹೊರಗಿನವನು. ಆರೋಪಿಗೂ ಅವನೇ ರಕ್ಷಣೆ. ಅದಕ್ಕೇ ಠಾಣೆಯ ಆಸುಪಾಸಿನ ಪರಿಚಿತರನ್ನೇ ಮತ್ತೆ ಮತ್ತೆ ಕರೆಸಿ ಸಹಿ ಹಾಕಿಸುವ ಚಾಳಿ ಅಪಾಯಕಾರಿ.

ಪಂಚನ ಹೊರೆ ಇಳಿಸಲು ಹೊಸ ಕಾನೂನು ಬೇಕಾಗಿಲ್ಲ. ಹಾಜರಾದ ಸಾಕ್ಷಿಯನ್ನು ವಿಶೇಷ ಕಾರಣವಿಲ್ಲದೆ ವಿಚಾರಿಸದೆ ಕಳುಹಿಸಬಾರದು ಎನ್ನುತ್ತದೆ ನಾಗರಿಕ ಸುರಕ್ಷಾ ಸಂಹಿತೆಯ 346ನೇ ಕಲಂ. ಅವನ ಖರ್ಚನ್ನು ಸರ್ಕಾರದಿಂದ ಕೊಡಿಸಲು 350ನೇ ಕಲಮಿನಲ್ಲಿ ದಾರಿಯಿದೆ. ಎದುರಾಳಿಯ ಭಯವಿದ್ದರೆ ಸುಪ್ರೀಂ ಕೋರ್ಟ್ 2018ರ ಡಿಸೆಂಬರಿನಲ್ಲಿ ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯಿದೆ: ಅರ್ಜಿಯನ್ನು ನೋಡುವುದು ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ನೇತೃತ್ವದ ಸಮಿತಿ, ಅದರಲ್ಲಿ ಜಿಲ್ಲೆಯ ಪೊಲೀಸ್ ಮುಖ್ಯಸ್ಥರೂ ಪ್ರಾಸಿಕ್ಯೂಷನ್ ಮುಖ್ಯಸ್ಥರೂ ಇರುತ್ತಾರೆ. ಪಂಚನಾಮೆಗೆ ಸಹಿ ಪಡೆಯುವ ಹೊತ್ತಿನಲ್ಲೇ ಇವಿಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೂ ಉರ್ದು, ಮರಾಠಿಗಳಲ್ಲೂ ಅಚ್ಚು ಹಾಕಿಸಿ ಪಂಚನ ಕೈಗೆ ಕೊಡಲು ಠಾಣೆಗೆ ಯಾರ ಅಪ್ಪಣೆಯೂ ಬೇಕಿಲ್ಲ.